ಸಾದಾ ಉಪ್ಪು ಮಾರಿದರೆ ಅಪರಾಧ: ಅಯೋಡಿನ್ ಉಪ್ಪಿನ ಕಥೆ

ಇವತ್ತು ಉಪ್ಪಿನ ಬಗ್ಗೆ ಮಾತಾಡೋಣ.

ಉಪ್ಪು ಮತ್ತು ಸರ್ಕಾರ ಅಂದ ಕೂಡಲೇ ದಂಡಿ ನೆನಪಾಗುತ್ತೆ. ನಮ್ಮ ಕಡೆಯವರಿಗೆ 1930ರ ಅಂಕೋಲೆ ನೆನಪಾಗುತ್ತೆ. ಆ ಕಥೆಯನ್ನ ಶಾಲೆಯಿಂದಲೇ ಕೇಳಿಕೊಂಡು ಬಂದಿದ್ದೀವಿ. ನಾನು ಹೇಳಹೊರಟಿರೋದು ಬ್ರಿಟಿಷರು ಹೋಗಿ ಐವತ್ತು ವರ್ಷ ಆದಮೇಲಿನ ಕಥೆ. 1998ರಲ್ಲಿ ಸ್ವತಂತ್ರ ಭಾರತದ ಸರ್ಕಾರವೇ, ಅಯೋಡಿನ್ ಹಾಕದ ಸಾದಾ ಉಪ್ಪನ್ನ ಊಟಕ್ಕೆ ಅಂತ ಮಾರೋದು ಅಪರಾಧ ಅಂತ ಮಾಡಿತು. 2000ದಲ್ಲಿ ಆ ನಿಷೇಧವನ್ನ ತಾನೇ ತೆಗೆಯಿತು. 2006ರಲ್ಲಿ ಮತ್ತೆ ತಂತು. 2011ರಲ್ಲಿ ಸುಪ್ರೀಂ ಕೋರ್ಟು, ಈ ನಿಯಮ ಮಾಡೋಕೆ ನಿಮಗೆ ಅಧಿಕಾರವೇ ಇರಲಿಲ್ಲ ಅಂತ ಹೇಳಿ, ಆದರೂ ಸದ್ಯಕ್ಕೆ ಅದು ಇರಲಿ ಅಂತ ಬಿಟ್ಟಿತು.

ಇಷ್ಟು ಹಿಂದೆಮುಂದೆ ಆಗಿದ್ದು ಒಂದು ಚಿಟಿಕೆ ಉಪ್ಪಿಗೆ. ಯಾಕೆ ಅಂದರೆ ಅಲ್ಲಿ ಇದ್ದ ಪ್ರಶ್ನೆ ಉಪ್ಪಿಗಿಂತ ದೊಡ್ಡದು. ನನ್ನ ಒಳ್ಳೇದಕ್ಕೆ ಅಂತ ಇನ್ನೊಬ್ಬರು ನನ್ನ ತಟ್ಟೆಗೆ ಏನನ್ನಾದರೂ ಸೇರಿಸಬಹುದಾ? ಸೇರಿಸಬಹುದು ಅಂದರೆ, ಯಾರನ್ನ ಕೇಳಿ?

ಈಗ ಇದಕ್ಕೆಲ್ಲ ಒಂದು ಫ್ಯಾಷನ್ ಪದ ಇದೆ, ‘ನಡ್ಜ್’. ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ ಅಂತ ಇಬ್ಬರು ಅಮೆರಿಕದ ಪ್ರೊಫೆಸರ್‌ಗಳು 2008ರಲ್ಲಿ ಈ ಹೆಸರಿನ ಪುಸ್ತಕ ಬರೆದರು. 2017ರಲ್ಲಿ ಥೇಲರ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಡ್ಜ್ ಅಂದರೆ ಮೊಣಕೈಯಿಂದ ಮೆಲ್ಲಗೆ ತಿವಿಯೋದು. ನಮ್ಮ ಆಫೀಸುಗಳಲ್ಲಿ ಇದು ದಿನಾ ನಡೆಯುತ್ತೆ. ಎಚ್‌ಆರ್ ಪೋರ್ಟಲ್‌ನಲ್ಲಿ ಟಾಪ್-ಅಪ್ ಇನ್ಶೂರೆನ್ಸ್‌ಗೆ ಮೊದಲೇ ಟಿಕ್ ಹಾಕಿಟ್ಟಿರ್ತಾರೆ. ಬೇಡದವರು ಟಿಕ್ ತೆಗೀಬೇಕು. ತೆಗೆಯೋರು ಎಷ್ಟು ಜನ ಅಂತ ನಿಮಗೇ ಗೊತ್ತು. ಆ ಇಬ್ಬರು ಹಾಕಿಕೊಂಡ ಷರತ್ತು ಒಂದೇ: ತಿವಿಯಬಹುದು, ಆದರೆ ಬೇರೆ ದಾರಿಯನ್ನ ಮುಚ್ಚಬಾರದು. ಬೇಡ ಅನ್ನೋನಿಗೆ ಬೇಡ ಅನ್ನೋದು ಸುಲಭವಾಗಿರಬೇಕು, ದುಬಾರಿಯಾಗಬಾರದು.

ಈ ಅಳತೆಗೋಲನ್ನ ಕೈಯಲ್ಲಿ ಹಿಡಿದುಕೊಂಡು ಉಪ್ಪಿನ ಕಥೆಗೆ ಹೋಗೋಣ. ಅದು ಶುರುವಾಗೋದು ಸ್ವಿಟ್ಜರ್ಲೆಂಡಿನಲ್ಲಿ.

ಆಲ್ಪ್ಸ್ ಬೆಟ್ಟದ ಮಣ್ಣಲ್ಲಿ ಅಯೋಡಿನ್ ತೀರಾ ಕಡಿಮೆ. ಹಿಮ ಕರಗಿ, ಮಳೆ ಸುರಿದು ಸಾವಿರಾರು ವರ್ಷ ಕೊಚ್ಚಿಕೊಂಡು ಹೋಗಿದೆ. ಅಲ್ಲಿಯ ಹಳ್ಳಿಗಳಲ್ಲಿ ಕುತ್ತಿಗೆ ಊದಿದವರು ಮಾಮೂಲಿ ನೋಟ. ಅದಕ್ಕೆ ಕನ್ನಡದಲ್ಲಿ ಗಳಗಂಡ ಅಂತೀವಿ. ಗಳಗಂಡ ಕಣ್ಣಿಗೆ ಕಾಣುತ್ತೆ, ಆದರೆ ಅದು ದೊಡ್ಡ ತೊಂದರೆಯಲ್ಲ. ದೊಡ್ಡದು ಕಾಣದೇ ಇರೋದು: ಬಸುರಿ ಹೆಂಗಸಿಗೆ ಅಯೋಡಿನ್ ತುಂಬಾ ಕಡಿಮೆಯಾದರೆ ಹೊಟ್ಟೆಯಲ್ಲಿರೋ ಮಗುವಿನ ಮಿದುಳು ಸರಿಯಾಗಿ ಬೆಳೆಯೋದಿಲ್ಲ. ಕೆಲವು ಮಕ್ಕಳು ಕಿವುಡು ಮೂಗರಾಗಿ ಹುಟ್ತಾರೆ, ಕೆಲವರ ಬುದ್ಧಿ ಬೆಳೆಯೋದೇ ಇಲ್ಲ. ಹುಟ್ಟಿದಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಆ ನಷ್ಟ ತುಂಬೋದಿಲ್ಲ. ಬೇಕಾದದ್ದು ಮಾತ್ರ ಎಷ್ಟು ಗೊತ್ತಾ? ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ. ಇಡೀ ಜೀವಮಾನಕ್ಕೆ ಒಂದು ಟೀ ಚಮಚದಷ್ಟು.

1918ರ ಹೊತ್ತಿಗೆ ಒಟ್ಟೊ ಬಯಾರ್ಡ್ ಅನ್ನೋ ಹಳ್ಳಿ ಡಾಕ್ಟರು ಉಪ್ಪಿಗೆ ಅಯೋಡೈಡನ್ನ ಸಲಿಕೆಯಲ್ಲಿ ಕಲೆಸಿ, ಕೆಲವು ಮನೆಗಳಿಗೆ ಕೊಟ್ಟು ನೋಡಿದ. ಗಂಟಲು ಇಳಿಯಿತು. ಅಲ್ಲಿ ಉಪ್ಪಿನ ವ್ಯಾಪಾರ ಕ್ಯಾಂಟನ್‌ಗಳ ಏಕಸ್ವಾಮ್ಯ. ಕ್ಯಾಂಟನ್ ಅಂದರೆ ನಮ್ಮ ರಾಜ್ಯ ಇದ್ದ ಹಾಗೆ, ಸೈಜು ತಾಲ್ಲೂಕಿನಷ್ಟು ಇರಬಹುದು ಅಷ್ಟೇ. ಅಪೆನ್‌ಜೆಲ್ ಅನ್ನೋ ಸೀಮೆಯಲ್ಲಿ ಹಾನ್ಸ್ ಎಗ್ಗೆನ್‌ಬರ್ಗರ್ ಅನ್ನೋ ಡಾಕ್ಟರು ಜನರ ಮುಂದೆ ಭಾಷಣ ಮಾಡಿ, ಸಹಿ ಸಂಗ್ರಹಿಸಿ, ನಮಗೆ ಅಯೋಡಿನ್ ಉಪ್ಪು ಮಾರಿ ಅಂತ ಸರ್ಕಾರವನ್ನೇ ಕೇಳಿಸಿದ. 1922ರಲ್ಲಿ ಮಾರಾಟ ಶುರುವಾಯ್ತು. ಸಾದಾ ಉಪ್ಪನ್ನ ಯಾರೂ ನಿಷೇಧಿಸಲಿಲ್ಲ, ಪಕ್ಕದಲ್ಲೇ ಇತ್ತು, ಬೆಲೆಯೂ ಅಷ್ಟೇ. ಎಲ್ಲ ಕ್ಯಾಂಟನ್‌ಗಳೂ ಒಪ್ಪೋಕೆ ಸುಮಾರು ಮೂರು ದಶಕ ಹಿಡೀತು. ಇವತ್ತಿಗೂ ಅಲ್ಲಿ ಸಾದಾ ಉಪ್ಪು ಬೇಕು ಅಂದವರಿಗೆ ಸಿಗುತ್ತೆ.

ಥೇಲರ್ ಹುಟ್ಟೋದಕ್ಕೂ ಮುಂಚಿನ ಅಪ್ಪಟ ನಡ್ಜ್ ಅದು. ಆದರೆ ಒಂದು ವಿಷಯ ಗಮನಿಸಿ. ಅಲ್ಲಿ ಉಪ್ಪು ಮಾರೋದೇ ಸರ್ಕಾರ. ಎರಡು ಉಪ್ಪಿಗೂ ಒಂದೇ ಬೆಲೆ ಇಡೋ ಶಕ್ತಿ ಅದಕ್ಕಿತ್ತು. ಈ ಮಾತು ಆಮೇಲೆ ಬೇಕಾಗುತ್ತೆ, ಪಕ್ಕಕ್ಕೆ ಇಟ್ಟುಕೊಳ್ಳಿ.

ಈಗ ನಮ್ಮ ದೇಶಕ್ಕೆ ಬರೋಣ. ಹಿಮಾಲಯದ ಬುಡದಲ್ಲಿ ಕಾಶ್ಮೀರದಿಂದ ಈಶಾನ್ಯದವರೆಗೆ ಇದೇ ಕಥೆ. 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ, ಈಗ ಅದು ಹಿಮಾಚಲದಲ್ಲಿದೆ, ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಯವರು ಒಂದು ದೊಡ್ಡ ಪ್ರಯೋಗ ಮಾಡಿದರು. ರಾಮಲಿಂಗಸ್ವಾಮಿ ಮುಂದೆ ದೆಹಲಿಯ ಏಮ್ಸ್ ನಿರ್ದೇಶಕರಾದವರು, ಮೂಲ ಆಂಧ್ರದ ಶ್ರೀಕಾಕುಳಂ. ಕಣಿವೆಯನ್ನ ಮೂರು ವಲಯ ಮಾಡಿದರು. ಎರಡು ವಲಯದ ಅಂಗಡಿಗಳಿಗೆ ಅಯೋಡಿನ್ ಬೆರೆಸಿದ ಉಪ್ಪು ಹೋಯ್ತು, ನಡುವಿನ ವಲಯಕ್ಕೆ ಸಾದಾ ಉಪ್ಪು. ಶುರುವಿನಲ್ಲಿ ಮೂರು ಕಡೆಯೂ ಹತ್ತಿರಹತ್ತಿರ ನೂರಕ್ಕೆ 38 ಜನರಿಗೆ ಗಳಗಂಡ. ಆರು ವರ್ಷದ ನಂತರ ಅಯೋಡಿನ್ ಸಿಕ್ಕ ಕಡೆ ಅದು ಅರ್ಧಕ್ಕೂ ಅದಕ್ಕಿಂತ ಕೆಳಗೂ ಇಳಿದಿತ್ತು. ಸಾದಾ ಉಪ್ಪಿನ ಕಡೆ ಇದ್ದಲ್ಲೇ ಇತ್ತು. 1962ರಿಂದ ಆ ವಲಯಕ್ಕೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಇಳೀತು.

ವಿಜ್ಞಾನದ ದೃಷ್ಟಿಯಿಂದ ಇಷ್ಟು ಚೊಕ್ಕ ಪುರಾವೆ ಸಿಗೋದು ಅಪರೂಪ. ಆದರೆ ನನಗೆ ಆ ನಡುವಿನ ವಲಯದ ಹಳ್ಳಿಗಳ ಮೇಲೇ ಕಣ್ಣು. ತಮ್ಮ ಊರು ಯಾವ ಪಾಲಿಗೆ ಬೀಳಬೇಕು ಅಂತ ಅವರು ಆರಿಸಿದ್ದಲ್ಲ. ಅಯೋಡಿನ್ ತಿಂದವರೂ ಆರಿಸಿದ್ದಲ್ಲ. ಅಂಗಡಿಗೆ ಏನು ಬಂತೋ ಅದನ್ನ ತಂದು ಸಾರಿಗೆ ಹಾಕಿದರು. ಮುಂದಿನ ಐವತ್ತು ವರ್ಷದ ನೀತಿಯೂ ಇದೇ ದಾರಿಯಲ್ಲಿ ನಡೀತು: ಗೊತ್ತಿರೋರು ಮೇಲೆ ನಿರ್ಧಾರ ಮಾಡ್ತಾರೆ, ಅಂಗಡಿಯಲ್ಲಿ ಅದು ಕಾಣಿಸಿಕೊಳ್ಳುತ್ತೆ.

1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಇಪ್ಪತ್ತು ವರ್ಷ ಅದು ಆಮೆ ನಡಿಗೆ. ಆಮೇಲೆ ಸಮೀಕ್ಷೆಗಳು ನಡೆದಂತೆಲ್ಲ, ಇದು ಬೆಟ್ಟದವರ ರೋಗ ಮಾತ್ರ ಅಲ್ಲ, ಬಯಲುಸೀಮೆಯಲ್ಲೂ ಕರಾವಳಿ ಜಿಲ್ಲೆಗಳಲ್ಲೂ ಇದೆ ಅಂತ ಗೊತ್ತಾಗ್ತಾ ಬಂತು. 1980ರ ದಶಕದ ಮಧ್ಯದಲ್ಲಿ, ದೇಶದ ಊಟದ ಉಪ್ಪಿಗೆಲ್ಲ ಅಯೋಡಿನ್ ಬೆರೆಸಬೇಕು ಅಂತ ಸರ್ಕಾರ ತೀರ್ಮಾನಿಸಿತು. ಖಾಸಗಿಯವರಿಗೂ ತಯಾರಿಕೆಗೆ ಅವಕಾಶ ಕೊಟ್ಟಿತು. ಟಾಟಾ ಸಾಲ್ಟ್ ಪ್ಯಾಕೆಟ್ ಮಾರುಕಟ್ಟೆಗೆ ಬಂದಿದ್ದು 1983ರಲ್ಲಿ. ರೈಲ್ವೆಯಲ್ಲಿ ಅಯೋಡಿನ್ ಉಪ್ಪಿನ ಸಾಗಣೆಗೆ ಸೈನ್ಯದ ಸಾಮಾನು ಬಿಟ್ಟರೆ ನಂತರದ ಆದ್ಯತೆ ಕೊಟ್ಟರು. ನಮ್ಮ ಉಪ್ಪಿನಲ್ಲಿ ಮುಕ್ಕಾಲು ಪಾಲು ಗುಜರಾತಿನದು. ರೈಲಿನಲ್ಲಿ ಹೋಗೋ ಉಪ್ಪನ್ನ ಲೋಡ್ ಮಾಡೋ ಜಾಗದಲ್ಲೇ ಪರೀಕ್ಷೆ ಮಾಡಬಹುದಿತ್ತು. ಹಾಗಾಗಿ ದೆಹಲಿ, ಅಸ್ಸಾಂ ಕಡೆಗೆ ಒಳ್ಳೆ ಉಪ್ಪು ಹೋಯ್ತು. ದಕ್ಷಿಣದವರಿಗೆ ಉಪ್ಪು ಹತ್ತಿರದಲ್ಲೇ ಇತ್ತು, ತೂತ್ತುಕುಡಿಯಿಂದ ಲಾರಿಯಲ್ಲಿ ಬರೋ ಕಲ್ಲುಪ್ಪು. ಲಾರಿಯನ್ನ ಯಾರು ತಡೆದು ನೋಡ್ತಾರೆ? ಅದೂ ಅಲ್ಲದೆ ಕಲ್ಲುಪ್ಪಿಗೆ ಅಯೋಡಿನ್ ಸರಿಯಾಗಿ ಹಿಡಿಯೋದೂ ಕಷ್ಟ, ಅಜ್ಜಿಯರು ಅದನ್ನ ತೊಳೆದು ಬಳಸಿದರೆ ಇದ್ದದ್ದೂ ಹೋಯ್ತು.

ಇಷ್ಟೆಲ್ಲ ಆದಮೇಲೆ ಬಂದಿದ್ದು 1998ರ ದೇಶವ್ಯಾಪಿ ನಿಷೇಧ.

ವಿರೋಧ ಮಾಡಿದವರನ್ನ ವಿಜ್ಞಾನ ಗೊತ್ತಿಲ್ಲದವರು ಅಂತ ತಳ್ಳಿಹಾಕೋದು ಸುಲಭ. ನಾನು ಹಾಗೆ ಮಾಡೋದಿಲ್ಲ, ಯಾಕಂದರೆ ಅವರ ವಾದದಲ್ಲಿ ತೂಕ ಇತ್ತು. ಒಂದು, ಕೊರತೆ ಇರೋದು ಕೆಲವರಿಗೆ, ಔಷಧಿ ಯಾಕೆ ಎಲ್ಲರಿಗೂ? ಎರಡು, ಗಾಂಧಿ ಹಿಡಿದೆತ್ತಿದ ಸಾದಾ ಉಪ್ಪನ್ನೇ ನಮ್ಮ ಸರ್ಕಾರ ಅಪರಾಧ ಮಾಡೋದಾ? ಮೂರು, ಸಣ್ಣ ಉಪ್ಪಿನ ಗದ್ದೆಯವರು ಪ್ಲಾಂಟ್ ಹಾಕೋಕಾಗದೆ ಮುಚ್ಚಿಕೊಂಡು ಹೋಗ್ತಾರೆ, ಲಾಭ ದೊಡ್ಡ ಕಂಪನಿಗಳಿಗೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡಿದವರಿಗೆ ಈ ಮೂರನೇ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಸ್ವದೇಶಿ ಸಂಘಟನೆಗಳು, ಉಪ್ಪು ತಯಾರಕರು, ಕೆಲವು ಗಾಂಧಿವಾದಿಗಳು ಎಲ್ಲರೂ ಒಂದೇ ಕಡೆ ನಿಂತರು. ಏಮ್ಸ್‌ನ ಡಾಕ್ಟರುಗಳು ಎದುರು ನಿಂತರು. 2000ದಲ್ಲಿ ವಾಜಪೇಯಿ ಸರ್ಕಾರ ನಿಷೇಧ ತೆಗೆಯಿತು. ಕೊಟ್ಟ ಕಾರಣ ಸ್ವಾತಂತ್ರ್ಯದ್ದೇ: ವ್ಯಕ್ತಿಯ ಆಯ್ಕೆಯ ವಿಷಯದಲ್ಲಿ ಬಲವಂತ ಸಲ್ಲದು, ಜನರಿಗೆ ತಿಳಿಸಿ ಹೇಳೋಣ, ಅವರೇ ಆರಿಸಿಕೊಳ್ಳಲಿ.

ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆಮೇಲೆ ಏನಾಯ್ತು ನೋಡೋಣ.

ನಮ್ಮಲ್ಲಿ ಮನೆಮನೆ ಸಮೀಕ್ಷೆ ಮಾಡೋರು ಒಂದು ಪುಟ್ಟ ಕಿಟ್ ಇಟ್ಟುಕೊಂಡು ಬರ್ತಾರೆ. ಅಡುಗೆಮನೆಯಿಂದ ಚಿಟಿಕೆ ಉಪ್ಪು ತರಿಸಿ, ಒಂದು ಹನಿ ದ್ರಾವಣ ಬಿಟ್ಟರೆ ಅಯೋಡಿನ್ ಇದ್ದ ಉಪ್ಪು ನೀಲಿಯಾಗುತ್ತೆ. ಎಷ್ಟು ಗಾಢವೋ ಅಷ್ಟು ಅಯೋಡಿನ್. 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಾಕಷ್ಟು ಅಯೋಡಿನ್ ಇದ್ದ ಉಪ್ಪು ಸಿಕ್ಕಿದ್ದು ನೂರಕ್ಕೆ 49 ಮನೆಗಳಲ್ಲಿ. ನಿಷೇಧ ತೆಗೆದಮೇಲೆ ನಡೆದ ಜಿಲ್ಲಾ ಮಟ್ಟದ ಸಮೀಕ್ಷೆಯಲ್ಲಿ ಅದು ಸುಮಾರು 30ಕ್ಕೆ ಇಳಿದಿತ್ತು. 2005-06ರಲ್ಲಿ ಮತ್ತೆ 51. ಬೇರೆಬೇರೆ ಸಮೀಕ್ಷೆಗಳನ್ನ ಪಕ್ಕಪಕ್ಕ ಇಡುವಾಗ ಸ್ವಲ್ಪ ಹುಷಾರಾಗಿರಬೇಕು, ಒಪ್ಪಿದೆ. ಆದರೂ ಕೆಲವು ರಾಜ್ಯಗಳು ತಮ್ಮ ಮಟ್ಟದಲ್ಲಿ ನಿಷೇಧ ಉಳಿಸಿಕೊಂಡಿದ್ದಾಗಲೂ ಇಷ್ಟು ಇಳಿದಿತ್ತು ಅನ್ನೋದು ಸಣ್ಣ ಮಾತಲ್ಲ.

ನಾನು ಇಲ್ಲಿ ಕೇಳೋ ಪ್ರಶ್ನೆ: ಆ ಎರಡು ಮೂರು ವರ್ಷದಲ್ಲಿ ಇಷ್ಟು ಮನೆಗಳವರು ಕೂತು ಯೋಚನೆ ಮಾಡಿ, ನಮಗೆ ಅಯೋಡಿನ್ ಬೇಡ ಅಂತ ತೀರ್ಮಾನಿಸಿದರಾ? ಖಂಡಿತ ಇಲ್ಲ. ತೀರ್ಮಾನ ಮಾಡಿದ್ದು ಉಪ್ಪಿನ ವ್ಯಾಪಾರಿ. ಅಯೋಡಿನ್ ಬೆರೆಸೋಕೆ ಕಿಲೋಗೆ ಕೆಲವೇ ಪೈಸೆ. ಆ ಪೈಸೆಯೂ ಯಾಕೆ ಅಂತ ಅವನು ಬಿಟ್ಟ. ಚೀಲದ ಉಪ್ಪು ಅಗ್ಗವಾಗಿ ಬಂತು, ಅಂಗಡಿಯವನು ಅದನ್ನ ಮುಂದೆ ಇಟ್ಟ, ಕೂಲಿ ಮಾಡಿ ಸಂಜೆ ಉಪ್ಪು ಕೊಳ್ಳೋ ಹೆಂಗಸು ಅದನ್ನ ತಗೊಂಡಳು. ಜನರಿಗೆ ಕೊಟ್ಟ ಸ್ವಾತಂತ್ರ್ಯ ಅಂತ ಹೆಸರಿದ್ದದ್ದು ನಿಜದಲ್ಲಿ ಲಾರಿ ಮಾಲೀಕನಿಗೂ ಹೋಲ್‌ಸೇಲ್ ಅಂಗಡಿಯವನಿಗೂ ಹೋಗಿ ಸೇರಿತು. ಸ್ವಿಸ್ ಹೆಂಗಸಿನ ಮುಂದೆ ಒಂದೇ ಬೆಲೆಯ ಎರಡು ಉಪ್ಪು ಇತ್ತು, ಊರಲ್ಲಿ ಅದರ ಬಗ್ಗೆ ಭಾಷಣ, ಚರ್ಚೆ, ಸಹಿ ಸಂಗ್ರಹ ಎಲ್ಲ ಆಗಿತ್ತು. ನಮ್ಮ ಹೆಂಗಸಿನ ಮುಂದೆ ಇದ್ದದ್ದು ಅಗ್ಗದ್ದು ಒಂದು, ದುಬಾರಿಯದ್ದು ಒಂದು. ನಡ್ಜ್ ಮಾಡೋಕೂ ಒಂದು ಸಮರ್ಥ ಸರ್ಕಾರ ಬೇಕು. ಕೈಕಟ್ಟಿ ಕೂರೋದಕ್ಕೆ ನಡ್ಜ್ ಅನ್ನೋಕಾಗಲ್ಲ.

ಸ್ವಾತಂತ್ರ್ಯದ ವಾದಕ್ಕೆ ಎಲ್ಲರೂ ಹಿಡಿಯೋ ಗ್ರಂಥ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಬರೆದ ‘ಆನ್ ಲಿಬರ್ಟಿ’. ಅವನ ಮಾತಿನ ಸಾರ ಇಷ್ಟು: ಬೇರೆಯವರಿಗೆ ಹಾನಿ ಆಗೋದನ್ನ ತಡೆಯೋಕೆ ಮಾತ್ರ ಒಬ್ಬನ ಮೇಲೆ ಬಲಪ್ರಯೋಗ ಸರಿ. ಅವನ ಸ್ವಂತ ಒಳ್ಳೇದಕ್ಕೆ ಅಂತ ಬಲವಂತ ಮಾಡೋಕಾಗಲ್ಲ. ತಮಾಷೆ ಅಂದರೆ ಈ ಮಿಲ್ ಸಾಹೇಬರು 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಆಫೀಸಿನಲ್ಲಿ ನೌಕರಿ ಮಾಡಿದವರು. ಅದೇ ಪುಸ್ತಕದಲ್ಲಿ, ಈ ತತ್ವ ಮಕ್ಕಳಿಗೂ ‘ಹಿಂದುಳಿದ’ ಸಮಾಜಗಳಿಗೂ ಅನ್ವಯಿಸೋದಿಲ್ಲ ಅಂತ ಬರೆದಿದ್ದಾರೆ. ಹಿಂದುಳಿದವರು ಅಂದರೆ ನಾವೇ! ನಮ್ಮ ಒಳ್ಳೇದನ್ನ ನಮಗಿಂತ ಚೆನ್ನಾಗಿ ಬಲ್ಲೆವು ಅಂತ ಆಳಿದವರ ಮನೆಯಿಂದಲೇ ಈ ಗ್ರಂಥ ಬಂದಿದ್ದು. ಹಾಗಾಗಿ ಸರ್ಕಾರ ‘ನಿಮ್ಮ ಒಳ್ಳೇದಕ್ಕೆ’ ಅಂದಾಗ ನಮ್ಮವರಿಗೆ ಅನುಮಾನ ಬಂದರೆ ಅದಕ್ಕೆ ಇತಿಹಾಸದ ಕಾರಣ ಇದೆ.

ಆದರೆ ಮಿಲ್‌ನ ಅಳತೆಯಲ್ಲೇ ನೋಡಿದರೂ ಉಪ್ಪಿನ ವಿಷಯ ಹೆಲ್ಮೆಟ್ ಥರ ಅಲ್ಲ. ಹೆಲ್ಮೆಟ್ ಹಾಕದವನ ತಲೆ ಅವನದೇ. ಅಯೋಡಿನ್ ಇಲ್ಲದ ಉಪ್ಪು ತಿಂದವರಲ್ಲಿ ಹೆಚ್ಚಿನವರಿಗೆ ಏನೂ ಆಗದೇ ಇರಬಹುದು. ಏಟು ಬೀಳೋದು ಇನ್ನೂ ಹುಟ್ಟದ ಮಗುವಿಗೆ. ಆ ಮಗು ಏನನ್ನೂ ಆರಿಸಿರೋದಿಲ್ಲ. ತಾಯಿಗೂ ಗೊತ್ತಿರೋದಿಲ್ಲ, ಯಾಕಂದರೆ ಕೊರತೆ ಕಾಣೋದಿಲ್ಲ, ನೋಯೋದಿಲ್ಲ, ಉಪ್ಪಿನ ರುಚಿಯಲ್ಲೂ ವ್ಯತ್ಯಾಸ ಇಲ್ಲ. ಇದೊಂದು ಕಾರಣಕ್ಕೆ ನಾನು ಅಯೋಡಿನ್ ಪರ. ಸಕ್ಕರೆ ಕಡಿಮೆ ತಿನ್ನಿ, ಎಣ್ಣೆ ಕಡಿಮೆ ಮಾಡಿ ಅಂತ ಸರ್ಕಾರ ನನಗೆ ಹೇಳೋದಕ್ಕೂ ಇದಕ್ಕೂ ಅಜಗಜಾಂತರ.

2005ರ ನವೆಂಬರಿನಲ್ಲಿ ಮತ್ತೆ ಅಧಿಸೂಚನೆ ಬಂತು, ಆಗ ಅನ್ಬುಮಣಿ ರಾಮದಾಸ್ ಆರೋಗ್ಯ ಮಂತ್ರಿ. 2006ರ ಮೇ 17ರಿಂದ ನಿಷೇಧ ಜಾರಿ. ಪ್ರಶ್ನೆ ಮಾಡಿದವರು ಸುಪ್ರೀಂ ಕೋರ್ಟಿಗೆ ಹೋದರು. 2011ರ ಜುಲೈ 4ರಂದು ತೀರ್ಪು. ಪೀಠದಲ್ಲಿದ್ದವರು ಇಬ್ಬರು: ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಜಡ್ಜ್ ಆಗಿದ್ದ ಆರ್.ವಿ. ರವೀಂದ್ರನ್, ಮತ್ತು ಬಿ. ಸುದರ್ಶನ್ ರೆಡ್ಡಿ. ಈ ತೀರ್ಪು ನನಗೆ ತುಂಬಾ ಇಷ್ಟ.

ನಿಯಮ ಮಾಡಿದ್ದು 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಅಡಿಯಲ್ಲಿ. ಕೋರ್ಟು ಹೇಳಿದ್ದರ ತಾತ್ಪರ್ಯ ಹೀಗೆ. ಆ ಕಾಯ್ದೆ ಇರೋದು ಕಲಬೆರಕೆ ತಡೆಯೋಕೆ, ಆರೋಗ್ಯಕ್ಕೆ ಹಾನಿ ಮಾಡೋ ಪದಾರ್ಥ ನಿಲ್ಲಿಸೋಕೆ. ಸಾದಾ ಉಪ್ಪು ಕಲಬೆರಕೆಯೂ ಅಲ್ಲ, ತಾನಾಗಿ ಹಾನಿಕರವೂ ಅಲ್ಲ. ಒಳ್ಳೇದನ್ನ ಸೇರಿಸೋದಕ್ಕೆ ಈ ಕಾಯ್ದೆಯನ್ನ ಬಳಸೋಕಾಗಲ್ಲ. ಆದ್ದರಿಂದ ನಿಯಮ ಕಾಯ್ದೆಯ ಆಚೆ ಹೋಗಿದೆ, ಅಸಿಂಧು. ಆದರೆ ಎಲ್ಲರಿಗೂ ಅಯೋಡಿನ್ ಉಪ್ಪು ಕೊಟ್ಟರೆ ಸಾರ್ವಜನಿಕ ಆರೋಗ್ಯಕ್ಕೆ ಹಾನಿ ಅನ್ನೋಕೆ ಪುರಾವೆಯೂ ಮುಂದೆ ಇರಲಿಲ್ಲ. ತಟ್ಟನೆ ನಿಲ್ಲಿಸಿದರೆ ಏಟು ಬೀಳೋದು ಜನರಿಗೆ. ಹಾಗಾಗಿ ಸಂವಿಧಾನದ 142ನೇ ವಿಧಿ ಬಳಸಿ ಆರು ತಿಂಗಳು ನಿಷೇಧ ಮುಂದುವರಿಸಿ, ಅಷ್ಟರಲ್ಲಿ ಹೊಸ ಮಾಹಿತಿ, ಸಂಶೋಧನೆ ನೋಡಿ ಮರುಪರಿಶೀಲನೆ ಮಾಡಿ, ಬೇಕು ಅನ್ನಿಸಿದರೆ ಸರಿಯಾದ ಕಾನೂನಿನ ದಾರಿಯಲ್ಲಿ ಬನ್ನಿ ಅಂತ ಕೇಂದ್ರಕ್ಕೆ ಹೇಳಿತು.

ಉದ್ದೇಶ ಒಳ್ಳೇದು ಅನ್ನೋದು ಅಧಿಕಾರದ ಬದಲಿಗೆ ನಡೆಯೋದಿಲ್ಲ ಅಂತ ಕೋರ್ಟು ಹೇಳಿತು, ಅದೇ ಹೊತ್ತಿಗೆ ಆ ತತ್ವಕ್ಕೋಸ್ಕರ ಮಕ್ಕಳ ಮಿದುಳನ್ನ ಪಣಕ್ಕೆ ಇಡಲಿಲ್ಲ. ಇಷ್ಟನ್ನ ಒಂದೇ ತೀರ್ಪಿನಲ್ಲಿ ಹಿಡಿಸೋದು ಸುಲಭದ ಕೆಲಸ ಅಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಆಹಾರ ಸುರಕ್ಷತೆ ಕಾಯ್ದೆಯ ನಿಯಮಗಳು ಜಾರಿಗೆ ಬಂದವು. ನೇರ ಊಟಕ್ಕೆ ಮಾರೋ ಉಪ್ಪಿಗೆ ಅಯೋಡಿನ್ ಕಡ್ಡಾಯ ಅನ್ನೋದು ಅಲ್ಲಿ ಸೇರಿಕೊಂಡು ಇವತ್ತಿಗೂ ಇದೆ. ಹಿಂದಿನ ನಿಯಮದಲ್ಲಿದ್ದ ಸಣ್ಣ ಬಾಗಿಲೂ ಉಳೀತು: ಆಹಾರ ಕೆಡದಂತೆ ಇಡೋಕೆ, ದನಕ್ಕೆ, ಕಾರ್ಖಾನೆಗೆ ಅಂತ ಲೇಬಲ್ ಹಾಕಿ ಸಾದಾ ಉಪ್ಪು ಮಾರಬಹುದು. ಉಪ್ಪಿನಕಾಯಿಗೆ ಅಂತ ಕಲ್ಲುಪ್ಪು ತಂದು ಸಾರಿಗೂ ಹಾಕೋ ನಮ್ಮ ಮನೆಗಳು ಈ ಬಾಗಿಲಿನಿಂದಲೇ ಒಳಗೆ ಹೊರಗೆ ಓಡಾಡ್ತಾ ಇವೆ. 2018-19ರ ರಾಷ್ಟ್ರೀಯ ಅಯೋಡಿನ್ ಸಮೀಕ್ಷೆ ಹೊತ್ತಿಗೆ ನೂರಕ್ಕೆ 76 ಮನೆಗಳಲ್ಲಿ ಸಾಕಷ್ಟು ಅಯೋಡಿನ್ ಇದ್ದ ಉಪ್ಪಿತ್ತು. ಹಿಂದಿನ 30ರ ಪಕ್ಕ ಇಟ್ಟು ನೋಡಿ.

ನನ್ನ ಅಸಮಾಧಾನ ಬೇರೆ ಕಡೆ ಇದೆ. ಆ ಮರುಪರಿಶೀಲನೆಯ ಮಾತು ಜನರ ಕಿವಿಗೆ ಬೀಳಲೇ ಇಲ್ಲ. ಯಾಕೆ ಬೆರೆಸ್ತಾ ಇದ್ದೀವಿ, ಯಾರು ಡಾಕ್ಟರನ್ನ ಕೇಳಬೇಕು, ಬೇಡದವರಿಗೆ ಸಾದಾ ಉಪ್ಪು ಎಲ್ಲಿ ಸಿಗುತ್ತೆ ಅಂತ ಪ್ಯಾಕೆಟ್ ಮೇಲೆ ಮೂರು ಸಾಲು ಕನ್ನಡದಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿ ಬರೆಯೋಕೆ ಏನು ಕಷ್ಟ? ‘ದಿನಬಳಕೆಗೆ’ ಅಂತ ಸಾದಾ ಉಪ್ಪನ್ನ ಅದೇ ಬೆಲೆಗೆ, ಸ್ಪಷ್ಟ ಎಚ್ಚರಿಕೆ ಹಾಕಿ, ಕೆಳಗಿನ ಶೆಲ್ಫಿನಲ್ಲಿ ಇಡಬಹುದು. ಮುಕ್ಕಾಲು ಪಾಲು ಮನೆಗಳು ಅಭ್ಯಾಸ ಮಾಡಿಕೊಂಡಮೇಲೆ ಈಗಲಾದರೂ ಸ್ವಿಸ್ ದಾರಿಗೆ ಬರೋ ಧೈರ್ಯ ಮಾಡಬಹುದಿತ್ತು. ಅಗ್ಗದ ಉಪ್ಪಿನ ವ್ಯಾಪಾರಿ ಮತ್ತೆ ನುಗ್ಗದ ಹಾಗೆ ಬೆಲೆ ಒಂದೇ ಇರಬೇಕು, ಅಷ್ಟೇ.

ಇನ್ನೊಂದು ಮಾತು ನಮ್ಮಂಥವರ ಬಗ್ಗೆ. ಪುಣೆಯಲ್ಲಿ, ಹೈದರಾಬಾದಿನಲ್ಲಿ ಫ್ಲ್ಯಾಟ್‌ಗಳಲ್ಲಿರೋ ನಾವು ಈ ಕಾನೂನಿನಿಂದ ಆಗಲೇ ಹೊರಗೆ ಬಂದಿದ್ದೀವಿ, ಗೊತ್ತಿಲ್ಲದೆ. ಗುಲಾಬಿ ಬಣ್ಣದ ಹಿಮಾಲಯದ ಉಪ್ಪು, ಸೈಂಧವ ಲವಣ, ಫ್ರೆಂಚ್ ಸಮುದ್ರದ ಉಪ್ಪು. ಆ್ಯಪ್‌ನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತೆ. ಅವುಗಳಲ್ಲಿ ಹಲವಕ್ಕೆ ಅಯೋಡಿನ್ ಬೆರೆಸಿರೋದಿಲ್ಲ. ದುಡ್ಡಿದ್ದವನಿಗೆ ಬೇಡ ಅನ್ನೋ ದಾರಿ ತೆರೆದೇ ಇದೆ. ರೇಷನ್ ಅಂಗಡಿಗೆ ಬನ್ನಿ: 2021ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ಘೋಷಣೆ ಮಾಡಿದಮೇಲೆ, ಕಬ್ಬಿಣಾಂಶ, ಫೋಲಿಕ್ ಆ್ಯಸಿಡ್, ಬಿ12 ಸೇರಿಸಿದ ಅಕ್ಕಿ 2024ರ ಹೊತ್ತಿಗೆ ದೇಶದ ಪಡಿತರವನ್ನೆಲ್ಲ ತುಂಬಿತ್ತು. ಅದು ಒಳ್ಳೇದಾ ಕೆಟ್ಟದ್ದಾ ಅನ್ನೋದು ಬೇರೆ ಚರ್ಚೆ, ಡಾಕ್ಟರುಗಳಲ್ಲೇ ಭಿನ್ನಾಭಿಪ್ರಾಯ ಇದೆ. ಆದರೆ ಆಗ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತವರಿಗೆ, ನನಗೆ ಸಾದಾ ಅಕ್ಕಿ ಕೊಡಿ ಅಂತ ಕೇಳೋಕೆ ಇನ್ನೊಂದು ಚೀಲ ಅಲ್ಲಿ ಇರಲಿಲ್ಲ.

ಇವತ್ತು ಅಡುಗೆಮನೆಗೆ ಹೋದಾಗ ಉಪ್ಪಿನ ಪ್ಯಾಕೆಟ್ ತಿರುಗಿಸಿ ನೋಡಿ, ಅಯೋಡಿನ್ ಅಂತ ಇದೆಯಾ ಅಂತ. ಮನೆಯಲ್ಲಿ ಬಸುರಿ ಇದ್ದು, ಅಡುಗೆಗೆಲ್ಲ ಗುಲಾಬಿ ಉಪ್ಪೇ ಬಳಸ್ತಾ ಇದ್ದರೆ ಡಾಕ್ಟರ ಹತ್ತಿರ ಒಂದು ಮಾತು ಕೇಳಿ. ಮುಂದಿನ ಮಾತುಕತೆಯಲ್ಲಿ ಹೆಲ್ಮೆಟ್ ಕಾನೂನಿನ ಚರಿತ್ರೆ ತಗೊಳ್ಳೋಣ.